ವಿದ್ಯಾರ್ಥಿವೇತನವೂ ಅದನ್ನು ಉಳಿಸಿಕೊಳ್ಳುವ ನಿಬಂಧನೆಗಳೂ
(ಚಿಕ್ಕಬಳ್ಳಾಪುರ ಸೀಮೆಯ ವಿದ್ಯಾಭ್ಯಾಸದ ಇತಿಹಾಸದಿಂದ)

ಓದುವ ಹುಡುಗನಿಗೆ ಅನ್ನವಿಕ್ಕುವುದು ಕನ್ನಡ ನಾಡಿನಲ್ಲಿ ಪುರಾತನವಾದ ಧರ್ಮವು. ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಹುಡುಗರೂ, ಮಠಗಳ ಪ್ರಸಾದದಿಂದ ಬೆಳೆದು ವಿದ್ಯಾವಂತರಾದವರೂ ಹಿರಿಯರ ನೆನಪಿನಲ್ಲಿ ಎಣಿಕೆಗೆ ಸಿಕ್ಕದಷ್ಟು ಮಂದಿ ಇದ್ದಾರೆ. ಆ ಅನ್ನಕ್ಕೆ ನಿಬಂಧನೆಗಳೇ ಇರಲಿಲ್ಲವೆಂದಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು, ನಡತೆ ನೆಟ್ಟಗಿರಬೇಕು, ಮನೆಯವರು ಹೇಳಿದ ಸಣ್ಣಪುಟ್ಟ ಕೆಲಸಕ್ಕೆ ಒದಗಬೇಕು. ಆದರೆ ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ಅಂಕಗಳು ಬಂದುವೆಂದು ವಿಚಾರಿಸಿದ ಮೇಲೆ ಎಲೆ ಹಾಕಿದ ಗೃಹಿಣಿಯ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ವಿಚಾರಣೆ ಹುಟ್ಟಿದುದು ವಿದ್ಯಾರ್ಥಿಯ ಪೋಷಣೆಯು ಅಡಿಗೆಯ ಮನೆಯಿಂದ ಹೊರಟು ಸರ್ಕಾರದ ಬೊಕ್ಕಸಕ್ಕೂ ದತ್ತಿನಿಧಿಗಳಿಗೂ ಸೇರಿದ ಮೇಲೆ. ಸಾರ್ವಜನಿಕರ ಹಣವನ್ನು ಕೊಡುವವರು ಲೆಕ್ಕ ಕೇಳುವುದು ನ್ಯಾಯವೇ ಸರಿ. ಆ ಲೆಕ್ಕವನ್ನು ಯಾವ ಅಳತೆಯಿಂದ ಕೇಳಬೇಕೆಂಬುದರಲ್ಲಿಯೇ ಕಷ್ಟವಿರುವುದು.

ಈ ವಿಷಯದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಸಹಾಯವನ್ನು ಯಾರಿಗೆ ಕೊಡಬೇಕೆಂಬುದು ಒಂದು. ಒಮ್ಮೆ ಕೊಟ್ಟ ಸಹಾಯವನ್ನು ಮುಂದಿನ ವರ್ಷವೂ ಕೊಡಬೇಕಾದರೆ ವಿದ್ಯಾರ್ಥಿಯು ಏನನ್ನು ಸಾಧಿಸಿ ತೋರಿಸಬೇಕೆಂಬುದು ಇನ್ನೊಂದು. ಮೊದಲನೆಯದು ಆಯ್ಕೆಯ ಮಾತು, ಎರಡನೆಯದು ಮುಂದುವರಿಕೆಯ ಮಾತು. ಇವೆರಡಕ್ಕೂ ಒಂದೇ ಮೊಳಕೋಲನ್ನು ಹಿಡಿದುದರಿಂದ ಎಷ್ಟೋ ಮಕ್ಕಳ ಓದು ನಡುದಾರಿಯಲ್ಲಿ ನಿಂತುಹೋಗಿರುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ ಈ ಭೇದವು ಚೆನ್ನಾಗಿ ಕಂಡುಬರುತ್ತದೆ. ಇವು ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಾಗ ಅದರೊಳಗೆ ಬಂದುವು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಹುಟ್ಟಿದ ಪಿನಾಕಿನಿ, ಅರ್ಕಾವತಿ ನದಿಗಳು ಹುಟ್ಟಿದ ನೆಲವನ್ನು ಬಿಟ್ಟು ಬೇರೆ ಸೀಮೆಗೆ ಹರಿದುಹೋಗುವಂತೆ, ಇಲ್ಲಿನ ಹುಡುಗರೂ ಮೇಲಿನ ಓದಿಗೆ ಊರು ಬಿಡಲೇಬೇಕಾಗಿದ್ದಿತು. ಊರು ಬಿಟ್ಟವನಿಗೆ ಇರುವ ಎಡೆಯೂ ಉಣ್ಣುವ ಕೂಳೂ ಬೇಕಷ್ಟೆ. ಆದುದರಿಂದ ವಿದ್ಯಾರ್ಥಿವೇತನದ ಕಥೆಯು ಈ ಸೀಮೆಯಲ್ಲಿ ವಿದ್ಯೆಯ ಕಥೆಯೇ ಆಗಿದೆ.

ಇಂಥವರಲ್ಲಿ ಎಲ್ಲರಿಗೂ ತಿಳಿದ ಹೆಸರು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಅವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಆ ಗ್ರಾಮದಲ್ಲಿ 1861ನೆಯ ಇಸವಿಯಲ್ಲಿ, ಕೆಲವರ ಲೆಕ್ಕದಂತೆ 1860ರಲ್ಲಿ, ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದುತ್ತಿದ್ದ ಹುಡುಗನು ಇನ್ನೂ ಎಳೆಯ ವಯಸ್ಸಿನಲ್ಲಿರುವಾಗಲೇ ತಂದೆ ತೀರಿಕೊಂಡರು. ಆಮೇಲೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಮೊದಲು ವೆಸ್ಲಿಯನ್ ಮಿಷನ್ ಶಾಲೆಯನ್ನೂ ಅನಂತರ ಸೆಂಟ್ರಲ್ ಕಾಲೇಜನ್ನೂ ಸೇರಿದರು. ಖರ್ಚಿಗೆ ಸಾಲದುದರಿಂದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಓದಿದರು. ಕಾಲೇಜಿನ ಪ್ರಾಂಶುಪಾಲರಾದ ಚಾರ್ಲ್ಸ್ ವಾಟರ್ಸ್ ಎಂಬವರು ಈ ಬಡ ಹುಡುಗನ ಗಣಿತದ ಬುದ್ಧಿಯನ್ನು ಕಂಡು ಮೆಚ್ಚಿದರು. ಆಗ ಮೈಸೂರು ಸೀಮೆಗೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ, ಪರೀಕ್ಷೆಗಳು ಮದರಾಸಿನವು. ಆ ಪರೀಕ್ಷೆಯಲ್ಲಿ ಬಿ.ಎ. ಪದವಿಯನ್ನು ಪಡೆದ ಮೇಲೆ ಮೈಸೂರು ಸರ್ಕಾರದವರ ವಿದ್ಯಾರ್ಥಿವೇತನವು ದೊರೆತು, ಅವರು ಇಂಜನಿಯರಿಂಗ್ ವಿದ್ಯೆಗಾಗಿ ಪೂನಾ ನಗರದ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ನಡೆದ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿ ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. ಮರುವರ್ಷವೇ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜನಿಯರ್ ಹುದ್ದೆಯು ಅವರಿಗಾಯಿತು.

ವೇತನ ಕೊಟ್ಟವರು ಮೈಸೂರಿನವರು, ಕೆಲಸ ಮಾಡಿಸಿಕೊಂಡವರು ಮುಂಬಯಿಯವರು. ಕೃಪಣನಾದ ಲೆಕ್ಕಿಗನು ಇದನ್ನು ಆಗಲೇ ನಷ್ಟದ ಬಾಬಿಗೆ ಬರೆದಿರುತ್ತಿದ್ದನು. 1909ರಲ್ಲಿ ಅವರು ಸಂಸ್ಥಾನದ ಮುಖ್ಯ ಇಂಜನಿಯರಾಗಿ ಹಿಂದಿರುಗಿದಾಗ, 1912ರಿಂದ 1918ರವರೆಗೆ ದಿವಾನರಾಗಿದ್ದಾಗ, ಆ ಹಣವು ಎಷ್ಟು ಮಡಿಯಾಗಿ ಮರಳಿತೆಂಬುದನ್ನು ಕನ್ನಂಬಾಡಿಯ ನೀರುಣ್ಣುವವರಿಗೆ ಹೇಳಬೇಕಾಗಿಲ್ಲ. ವಿದ್ಯಾರ್ಥಿವೇತನದ ಫಲವನ್ನು ವರ್ಷದ ಕೊನೆಯ ಅಂಕಪಟ್ಟಿಯಲ್ಲಿ ಹುಡುಕುವವರು ಕಾಲು ಶತಮಾನ ಕಾಯುವ ತಾಳ್ಮೆಯುಳ್ಳವರಲ್ಲ.

ಆದರೂ ಈ ಉದಾಹರಣೆಯೊಂದನ್ನೇ ಹಿಡಿದುಕೊಂಡು ಹೊರಡುವುದರಲ್ಲಿ ಅಪಾಯವುಂಟು. ವಿಶ್ವೇಶ್ವರಯ್ಯನವರು ಮೊದಲನೆಯ ಸ್ಥಾನವನ್ನು ಬಿಟ್ಟು ಎರಡನೆಯದನ್ನು ಅರಿಯದವರು. ಅಂಥವರಿಗೆ ಎಂಥ ಕಠಿನ ನಿಬಂಧನೆಯನ್ನು ಹಾಕಿದರೂ ಅದು ನಿಬಂಧನೆಯೆನಿಸದು. ಆ ಕಾಲದ ಸ್ಕಾಲರ್ಷಿಪ್ಪು ಕೈಬೆರಳಿನಲ್ಲಿ ಎಣಿಸುವಷ್ಟು ಮಂದಿಗೆ ದೊರೆಯುತ್ತಿದ್ದ ಬಹುಮಾನ. ಬಹುಮಾನಕ್ಕೆ ಆಯ್ಕೆಯೇ ಮುಖ್ಯ. ಮುಂದುವರಿಕೆಯ ಪ್ರಶ್ನೆಯು ಅಲ್ಲಿ ಏಳುವುದು ಅಪರೂಪ. ಸಾವಿರಾರು ಮಕ್ಕಳಿಗೆ ಸಹಾಯವು ಹಬ್ಬಿದಾಗ ಎಲ್ಲರೂ ಮೊದಲಿಗರಾಗಿರುವುದು ಸಾಧ್ಯವಿಲ್ಲ. ಆಗ ನಡುವಿನ ಹುಡುಗನ ಗತಿಯೇನೆಂಬುದೇ ನಿಜವಾದ ಪರೀಕ್ಷೆ.

ಮೈಸೂರಿನ ಹೊರಗೆ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಉತ್ತರದ ಕನ್ನಡ ಜಿಲ್ಲೆಗಳಲ್ಲಿ, ಇದೇ ಕಾಲಕ್ಕೆ ಬೇರೊಂದು ಪ್ರಯತ್ನ ನಡೆದಿದ್ದಿತು. ಮುದ್ದೇನಹಳ್ಳಿಯ ಯುವಕನು ಪೂನಾದಲ್ಲಿ ಪರೀಕ್ಷೆಗೆ ಕುಳಿತ 1883ನೆಯ ವರ್ಷದಲ್ಲಿಯೇ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ, ಬೇಸಾಯಗಾರರ ಮತ್ತು ವ್ಯಾಪಾರಿಗಳ ಮಕ್ಕಳು ಇಂಗ್ಲಿಷ್ ವಿದ್ಯೆಗೆ ಬರುವಂತೆ ಧನಸಹಾಯಕ್ಕೆ ತೊಡಗಿದರು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದ ಸಂಗತಿ ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಇತ್ತ ಬೆಂಗಳೂರಿನಲ್ಲಿ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವು 1903ರಲ್ಲಿ ಪ್ರಾರಂಭವಾಗಿ, ದಾರಿಗರಿಗೆ ತಂಗಲು ಸ್ಥಳವಾದಂತೆ ಓದುವ ಹುಡುಗರಿಗೂ ನೆರವಾಯಿತು. ಇವರೆಲ್ಲರ ಉದ್ದೇಶ ಮೊದಲಿಗನನ್ನು ಹುಡುಕಿ ಗೌರವಿಸುವುದಾಗಿರಲಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಮನೆಯಿಂದ ಒಬ್ಬನನ್ನಾದರೂ ಮೇಲಕ್ಕೆ ತರುವುದಾಗಿತ್ತು. ಹೀಗೆ ಬಂದವನು ಒಂದು ವರ್ಷ ಎಡವಿದರೆ ಅವನನ್ನು ಹಿಂದಕ್ಕೆ ಕಳುಹಿಸುವುದು ಆ ಉದ್ದೇಶಕ್ಕೇ ವಿರೋಧವಾಗುವುದು.

ಈ ಎರಡು ದೃಷ್ಟಿಗಳೂ ಮೈಸೂರು ಸಂಸ್ಥಾನದಲ್ಲಿ ಎದುರುಬದುರಾದುದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯಲ್ಲಿ. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲ ಆಗಿ, ವಿದ್ಯೆಯ ಬಾಗಿಲು ಹಿಂದೆಂದಿಗಿಂತಲೂ ಅಗಲವಾಗಿ ತೆರೆದಿದ್ದಿತು. ಆದರೆ ತೆರೆದ ಬಾಗಿಲಿನಿಂದ ಯಾರು ಒಳಗೆ ಹೋಗುತ್ತಿದ್ದರು ಎಂಬ ಪ್ರಶ್ನೆಯನ್ನು ಹಿಂದುಳಿದ ಸಮಾಜಗಳ ಮುಖಂಡರು ಎತ್ತಿದರು. ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೇ ಅಳತೆಯಾಗಿರಬೇಕೆಂಬ ನಂಬಿಕೆಯುಳ್ಳ ದಿವಾನರಿಗೆ ಈ ಮಾರ್ಗವು ಒಪ್ಪಿಗೆಯಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. 1919ರಲ್ಲಿ ಹೊರಬಂದ ವರದಿಯು ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಿಲ್ಲದಂತೆ ಹಿಂದುಳಿದವರಿಗೆ ದೊರೆಯಬೇಕೆಂದು ಹೇಳಿ, ಅದಕ್ಕೆ ತಕ್ಕ ವಿದ್ಯಾಸಹಾಯವೂ ಬೇಕೆಂದು ಸೂಚಿಸಿತು. ಹುದ್ದೆಯ ಮಾತಿನಲ್ಲಿ ಯಾರ ಪಕ್ಷವನ್ನು ಹಿಡಿದರೂ, ಓದಿನ ಮಾತಿನಲ್ಲಿ ಒಂದು ಅಂಶವು ಸ್ಪಷ್ಟವಾಗಿದೆ. ಪಂಡಿತರ ಮನೆಯಲ್ಲಿ ಹುಟ್ಟಿದ ಬಡ ಹುಡುಗನಿಗೆ ಹಣವೊಂದೇ ಕಡಮೆಯಾಗಿದ್ದಿತು. ಅಕ್ಷರವಿಲ್ಲದ ಮನೆಯಲ್ಲಿ ಹುಟ್ಟಿದ ಬಡ ಹುಡುಗನಿಗೆ ಹಣದ ಜೊತೆಗೆ ಪುಸ್ತಕವೂ, ಪಾಠ ಕೇಳಿ ತಿದ್ದುವ ಹಿರಿಯರೂ, ಓದಿನ ವಾತಾವರಣವೂ ಕಡಮೆ. ಇಬ್ಬರ ಅಂಕಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ತೂಕವು ಸರಿಯಾಗಿ ಬರುವುದೇ ಎಂಬುದು ಆಗಿನಿಂದ ಈಗಿನವರೆಗೂ ನಡೆದುಬಂದ ವಾದವಾಗಿದೆ.

ಅಂಕಗಳ ತಕ್ಕಡಿಯ ಮಾತು ಬಂದಾಗ ಹಳೆಯ ಕೋಲಾರ ಜಿಲ್ಲೆಯ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರನ್ನು ನೆನೆಯದಿರುವುದು ಹೇಗೆ? ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾಗದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಡಿ.ಲಿಟ್. ಪದವಿಯನ್ನು ಕೊಟ್ಟು ಗೌರವಿಸಿತು. ಈ ಮಾತನ್ನು ಓದದ ಹುಡುಗರು ತಮ್ಮ ಸಮರ್ಥನೆಗೆ ಬಳಸಿಕೊಳ್ಳದಿದ್ದರೆ ಸಾಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರ ವಿದ್ಯಾಭ್ಯಾಸದ ಕಥೆಯು ಈ ವಾದಕ್ಕೆ ಜೀವಂತವಾದ ಭಾಷ್ಯದಂತಿದೆ. ಬಡವರ, ಹಿಂದುಳಿದವರ ಮನೆಯ ಈ ಹುಡುಗನು ಹಳ್ಳಿಯ ಶಾಲೆಯ ಓದು ಮುಗಿದ ಮೇಲೆ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರುವ ಆಸೆಯಿಂದ ಊರಿನಿಂದ ಹೊರಟನು. ಗೌರಿಬಿದನೂರಿನ ಮೇಲೆ ಬೆಂಗಳೂರಿಗೆ ರೈಲು ಓಡಲಾರಂಭಿಸಿ ಆಗಲೇ ನಾಲ್ಕು ದಶಕಗಳು ಸಂದಿದ್ದುವು. ಆದರೆ ರೈಲು ಹತ್ತುವುದಕ್ಕೆ ಚೀಟಿ ಬೇಕು, ಚೀಟಿಗೆ ಕಾಸು ಬೇಕು. ಐವತ್ತು ಮೈಲಿಗೆ ಮೇಲ್ಪಟ್ಟ ದಾರಿಯನ್ನು ಆ ಬಾಲಕನು ಕಾಲುನಡಿಗೆಯಿಂದಲೇ ಕ್ರಮಿಸಿದನು. ಬೆಂಗಳೂರಿನಲ್ಲಿ ಬಡ ಹುಡುಗರಿಗೆಂದು ನಡೆಯುತ್ತಿದ್ದ ನಿಲಯವು ಅನ್ನವನ್ನೂ ನೆರಳನ್ನೂ ಕೊಟ್ಟಿತು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಆನರ್ಸ್ ತರಗತಿಯಲ್ಲಿ ಓದುತ್ತಿದ್ದಾಗ 1942ನೆಯ ವರ್ಷ ಬಂದಿತು. ಕ್ವಿಟ್ ಇಂಡಿಯಾ ಚಳವಳಿಯ ಕರೆಗೆ ಓಗೊಟ್ಟು ಅವರು ಕಾಲೇಜನ್ನು ಬಿಟ್ಟರು, ಸೆರೆಮನೆಗೆ ಹೋದರು.

ಇಲ್ಲಿ ಓದುವವರು ಒಂದು ಕ್ಷಣ ನಿಲ್ಲಬೇಕು. ಹಾಜರಿಯ ಲೆಕ್ಕವನ್ನೂ ವರ್ಷದ ತೇರ್ಗಡೆಯನ್ನೂ ಸದ್ವರ್ತನೆಯ ಪತ್ರವನ್ನೂ ಕೇಳುವ ಯಾವ ನಿಯಮಾವಳಿಯ ಮುಂದೆಯಾದರೂ 1942ರ ನರಸಿಂಹಯ್ಯನವರನ್ನು ನಿಲ್ಲಿಸಿದರೆ ತೀರ್ಪು ಏನಾಗುತ್ತಿದ್ದಿತು? ಹಾಜರಿಯಿಲ್ಲ, ತೇರ್ಗಡೆಯಿಲ್ಲ, ವರ್ತನೆಯ ಅಂಕಣದಲ್ಲಿ ಕಾರಾಗೃಹದ ಹೆಸರು. ಮೂರು ಕಾರಣಗಳಲ್ಲಿ ಯಾವುದೊಂದಾದರೂ ಸಹಾಯವನ್ನು ನಿಲ್ಲಿಸುವುದಕ್ಕೆ ಸಾಕು. ಅವರು ಹಿಂದಿರುಗಿ ಬಂದು ಆನರ್ಸ್ ಮತ್ತು ಎಂ.ಎಸ್‌ಸಿ. ಪರೀಕ್ಷೆಗಳನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನ ಉಪನ್ಯಾಸಕರಾದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ತಾವು ಕಾಲುನಡಿಗೆಯಲ್ಲಿ ಬಿಟ್ಟು ಬಂದ ಗೌರಿಬಿದನೂರಿನಲ್ಲಿಯೂ, ನೆರೆಯ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ತೆರೆಯಿಸಿದರು. ಓದಿನಲ್ಲಿ ಬಿದ್ದ ಬಿರುಕೊಂದನ್ನು ಕಂಡು ಇವರನ್ನು ಕೈಬಿಟ್ಟಿದ್ದರೆ ಆ ಕಾಲೇಜುಗಳಲ್ಲಿ ಓದಿದವರ ಪಾಡೇನು?

ತುಮಕೂರಿನ ಕಡೆಯಿಂದ ಇಂಥದೇ ಇನ್ನೊಂದು ಉದಾಹರಣೆಯನ್ನು ತರಬಹುದು. ಅದೇ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 1930ರಲ್ಲಿ ಆಶ್ರಮವನ್ನು ಸ್ವೀಕರಿಸಿ ಮಠದ ಉತ್ತರಾಧಿಕಾರಿಗಳಾಗಬೇಕಾಗಿ ಬಂದುದರಿಂದ ಪದವಿಯು ಕೈಗೂಡಲಿಲ್ಲ. ಪದವಿಯಿಲ್ಲದೆ ಹೋದ ಆ ವಿದ್ಯಾರ್ಥಿಯು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿಯನ್ನು ಕೇಳದೆ ಅನ್ನ, ವಸತಿ, ವಿದ್ಯೆಗಳನ್ನು ನಡೆಸಿಕೊಂಡು ಬಂದರು. ದಾಸೋಹದ ಪಂಕ್ತಿಯಲ್ಲಿ ಮೊದಲನೆಯವನಿಗೂ ಕೊನೆಯವನಿಗೂ ಒಂದೇ ಮುದ್ದೆ, ಒಂದೇ ಸಾರು. ಸರ್ಕಾರದ ಬೊಕ್ಕಸವು ಈ ಪದ್ಧತಿಯನ್ನು ಹಾಗೆಯೇ ಅನುಸರಿಸಲಾರದೆಂಬುದು ನಿಜ. ಪಂಕ್ತಿಯಲ್ಲಿ ಬಡಿಸುವವರು ಮಗುವಿನ ಮುಖವನ್ನು ನೋಡುತ್ತಾರೆ. ಬೊಕ್ಕಸಕ್ಕೆ ಕಾಗದವೊಂದೇ ಕಾಣುತ್ತದೆ.

ಕಾಗದದ ಮೇಲಿನ ನಿಯಮಗಳು ಹೇಗೆ ಬೆಳೆದುವೆಂಬುದನ್ನು ಈಗ ನೋಡಬೇಕು. ಭಾರತ ಸರ್ಕಾರದವರು 1944ರಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಪ್ರಾರಂಭಿಸಿದರು. ಕೆಲವು ವರ್ಷಗಳಲ್ಲಿ ಅದು ಪರಿಶಿಷ್ಟ ವರ್ಗಗಳಿಗೂ ಹಬ್ಬಿತು. ಬಹುಮಾನದ ದೃಷ್ಟಿಯನ್ನು ಬಿಟ್ಟು ಆವಶ್ಯಕತೆಯ ದೃಷ್ಟಿಯಿಂದ ಹೊರಟ ದೊಡ್ಡ ಯೋಜನೆ ಇದು. ಇದರಲ್ಲಿ ನೂರಕ್ಕೆ ಇಷ್ಟು ಅಂಕಗಳು ಬರಬೇಕೆಂಬ ಮಿತಿಯನ್ನು ಹಾಕಲಿಲ್ಲ. ತೇರ್ಗಡೆಯಾಗಿ ಮುಂದಿನ ತರಗತಿಗೆ ಹೋದರೆ ಸಾಕು, ವೇತನವೂ ಅವನ ಹಿಂದೆ ಹೋಗುತ್ತಿದ್ದಿತು. ಬಹುಕಾಲ ನಡೆದುಬಂದ ಅದರ ನಿಯಮಾವಳಿಯನ್ನು ತಾಳ್ಮೆಯಿಂದ ಓದಿದರೆ, ಬರೆದವರು ಕಾಲೇಜಿನ ಬದುಕನ್ನು ಅರಿತವರೆಂದು ತೋರುತ್ತದೆ. ಪರೀಕ್ಷೆಯ ಸಮಯದಲ್ಲಿ ಕಾಯಿಲೆ ಬಿದ್ದವನಿಗೆ ವೈದ್ಯರ ಪತ್ರದ ಮೇಲೆ ವೇತನವನ್ನು ಮುಂದುವರಿಸಬಹುದು. ಆದರೆ ಅವನು ಕುಳಿತಿದ್ದರೆ ತೇರ್ಗಡೆಯಾಗುತ್ತಿದ್ದನೆಂದು ಕಾಲೇಜಿನ ಮುಖ್ಯರು ಒಪ್ಪಬೇಕು. ಕೆಳಗಿನ ತರಗತಿಯ ವಿಷಯವೊಂದು ಬಾಕಿಯಿದ್ದರೂ ವಿಶ್ವವಿದ್ಯಾನಿಲಯವು ಮೇಲಿನ ತರಗತಿಗೆ ಬಿಟ್ಟಿದ್ದರೆ, ಮೇಲಿನ ತರಗತಿಯ ವೇತನ ಸಲ್ಲುತ್ತದೆ. ಇವು ದಯೆಯ ಮಾತುಗಳಲ್ಲ, ವಿವೇಕದ ಮಾತುಗಳು.

ಆದರೆ ಅದೇ ನಿಯಮಾವಳಿಯಲ್ಲಿ ಬೇರೆ ಬಗೆಯ ಸಾಲುಗಳೂ ಇದ್ದುವು. ವೇತನ ಪಡೆಯುವವನು ತನ್ನ ತಪ್ಪಿನಿಂದ ಓದಿನಲ್ಲಿ ಹಿಂದೆ ಬಿದ್ದರೆ, ಅಪ್ಪಣೆಯಿಲ್ಲದೆ ಗೈರುಹಾಜರಾದರೆ, ಇಲ್ಲವೆ ಮುಷ್ಕರದಲ್ಲಿ ಭಾಗವಹಿಸಿದರೆ, ವೇತನವನ್ನು ನಿಲ್ಲಿಸಬಹುದೆಂದು ಹೇಳಿದ್ದಿತು. ಮುಷ್ಕರವನ್ನೇ ದುರ್ನಡತೆಯ ಉದಾಹರಣೆಯಾಗಿ ಹೆಸರಿಸಿದ ಈ ಸಾಲನ್ನು ಓದುವಾಗ 1942ರಲ್ಲಿ ತರಗತಿಯನ್ನು ಬಿಟ್ಟು ಹೊರಟ ಹೊಸೂರಿನ ಯುವಕನು ನೆನಪಾಗದೆ ಇರಲಾರನು. ಸ್ವಾತಂತ್ರ್ಯದ ಚಳವಳಿಯಿಂದ ಹುಟ್ಟಿದ ರಾಜ್ಯವು ತನ್ನ ಮಕ್ಕಳಿಗೆ ಅನ್ನ ಕೊಡುವಾಗ ಇಂಥದೊಂದು ಸಾಲನ್ನು ಉಳಿಸಿಕೊಂಡುದು ಚರಿತ್ರೆಯ ಒಂದು ವಿನೋದವೆನ್ನಬೇಕು.

ಇನ್ನೂ ಗಂಭೀರವಾದುದು ಒಮ್ಮೆ ಸೋತವನ ವಿಷಯ. ವೈದ್ಯಕೀಯ, ಇಂಜನಿಯರಿಂಗ್ ಮುಂತಾದ ಮೊದಲನೆಯ ಗುಂಪಿನ ಶಿಕ್ಷಣದಲ್ಲಿರುವವನು ಮೊದಲ ಸಲ ಅನುತ್ತೀರ್ಣನಾದರೆ ವೇತನವನ್ನು ಮುಂದುವರಿಸಬಹುದು. ಎರಡನೆಯ ಸಲ ಸೋತರೆ ಮುಂದಿನ ತರಗತಿಗೆ ಹೋಗುವವರೆಗೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು. ಒಂದು ಸೋಲನ್ನು ಕ್ಷಮಿಸುವ ಈ ನಿಯಮವು ಬಿ.ಎ., ಬಿ.ಕಾಂ. ಓದುವವರಿಗೆ ಅನ್ವಯಿ
ಸಲಿಲ್ಲ. ಕಠಿನವಾದ ಶಿಕ್ಷಣದಲ್ಲಿ ಸೋಲುವುದು ಸಹಜ, ಸುಲಭವಾದುದರಲ್ಲಿ ಸೋಲಬಾರದು ಎಂಬ ಭಾವನೆ ಇದರ ಹಿಂದೆ ಇದ್ದಿರಬೇಕು. ಚಿಂತಾಮಣಿಯ ಅಥವಾ ಗೌರಿಬಿದನೂರಿನ ಹಳ್ಳಿಯ ಮಗುವನ್ನು ಕಂಡವರು ಹೀಗೆ ಹೇಳಲಾರರು. ಆ ಗಡಿಸೀಮೆಯಲ್ಲಿ ಅನೇಕ ಮನೆಗಳ ಮಾತು ತೆಲುಗು. ಶಾಲೆಯ ಪಾಠ ಕನ್ನಡ. ಕಾಲೇಜಿನಲ್ಲಿ ವಾಣಿಜ್ಯವನ್ನೋ ವಿಜ್ಞಾನವನ್ನೋ ಹಿಡಿದರೆ ಪುಸ್ತಕ ಇಂಗ್ಲಿಷಿನದು. ಮೂರನೆಯ ಭಾಷೆಯಲ್ಲಿ ಮೊದಲನೆಯ ವರ್ಷವನ್ನು ದಾಟುವುದು ಅಂಥ ಮಗುವಿಗೆ ಯಾವ ಇಂಜನಿಯರಿಂಗಿಗಿಂತಲೂ ಸುಲಭವಲ್ಲ. ಎಡವುವುದು ಹೆಚ್ಚಾಗಿ ಆ ಮೊದಲನೆಯ ವರ್ಷದಲ್ಲಿಯೇ. ಕ್ಷಮೆಯು ಅತ್ಯಂತ ಬೇಕಾದ ಕಡೆಯಲ್ಲಿಯೇ ಅದಕ್ಕೆ ಎಡೆಯಿಲ್ಲದೆ ಹೋದುದು ಆ ನಿಯಮದ ದೊಡ್ಡ ಕೊರತೆ.

ಇಂಜನಿಯರಿಂಗಿನ ಹೆಸರು ಬಂದಿತಾದುದರಿಂದ ಒಂದು ಮಾತು. ವಿಶ್ವೇಶ್ವರಯ್ಯನವರು ಆ ವಿದ್ಯೆಗಾಗಿ ಪೂನಾಕ್ಕೆ ಹೋಗಬೇಕಾಯಿತಷ್ಟೆ. ಅವರ ತಾಲ್ಲೂಕಿನ ಮುಖ್ಯ ಪಟ್ಟಣವಾದ ಚಿಕ್ಕಬಳ್ಳಾಪುರದಲ್ಲಿ ಶ್ರೀ ಜಗದ್ಗುರು ಚಂದ್ರಶೇಖರನಾಥ ಸ್ವಾಮಿಗಳ ಹೆಸರಿನ ಇಂಜನಿಯರಿಂಗ್ ಕಾಲೇಜು ತೆರೆದುದು 1986ರಲ್ಲಿ. ಅಂದರೆ ಒಂದು ಶತಮಾನಕ್ಕೆ ಮೇಲೆ. 1998ರಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯವೇ ಬೆಳಗಾವಿಯಲ್ಲಿ ಸ್ಥಾಪಿತವಾಯಿತು. ಆ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ನಡೆದ ಪದ್ಧತಿಯಂತೆ, ಬಾಕಿ ಉಳಿದ ವಿಷಯಗಳು ನಾಲ್ಕಕ್ಕೆ ಮೀರದಿದ್ದರೆ ವಿದ್ಯಾರ್ಥಿಯು ಮುಂದಿನ ವರ್ಷಕ್ಕೆ ಹೋಗಬಹುದಾಗಿದ್ದಿತು. ಮೊದಲ ಸ್ಥಾನವನ್ನೆಂದೂ ಬಿಡದವರ ಹೆಸರನ್ನು ಹೊತ್ತ ವಿದ್ಯಾಪೀಠವು ನಾಲ್ಕು ಸೋಲುಗಳನ್ನು ಸಹಿಸಿಕೊಂಡುದನ್ನು ಯಾರೂ ಹಾಸ್ಯ ಮಾಡಬೇಕಾಗಿಲ್ಲ. ಮೇಧಾವಿಯೊಬ್ಬನಿಗೆ ನಿಯಮ ಮಾಡುವುದು ಬೇರೆ, ಲಕ್ಷ ಮಂದಿಗೆ ನಿಯಮ ಮಾಡುವುದು ಬೇರೆ.

2008ರ ಸುಮಾರಿಗೆ ಕೇಂದ್ರ ಸರ್ಕಾರದಿಂದ ಹೊರಟ ಎರಡು ಯೋಜನೆಗಳಲ್ಲಿ ಅಂಕಗಳ ಮಿತಿಯು ಮತ್ತೆ ಮುಂದಕ್ಕೆ ಬಂದಿತು. ಒಂದು, ಬಡತನವನ್ನೂ ಬುದ್ಧಿಯನ್ನೂ ಒಟ್ಟಿಗೆ ನೋಡಿ ಎಂಟನೆಯ ತರಗತಿಯಲ್ಲಿ ಆರಿಸಲ್ಪಟ್ಟ ಮಕ್ಕಳಿಗೆ ಸಲ್ಲುವುದು. ವರ್ಷಕ್ಕೆ ಒಂದು ಲಕ್ಷ ಹೊಸ ಮಕ್ಕಳಿಗೆಂದು ಏರ್ಪಟ್ಟಿತು. ಇದರ ಮೊತ್ತವು ಮೊದಲು ವರ್ಷಕ್ಕೆ 6,000 ರೂಪಾಯಿಗಳಿದ್ದು 2017ರಿಂದ 12,000 ಆಯಿತು. ಆರಿಸಲ್ಪಟ್ಟ ಮಗುವು ಒಂಬತ್ತನೆಯ ತರಗತಿಯಲ್ಲಿ ನೂರಕ್ಕೆ 55, ಹತ್ತರಲ್ಲಿ 60, ಪದವಿಪೂರ್ವ ಕಾಲೇಜಿನ ಮೊದಲನೆಯ ವರ್ಷದಲ್ಲಿ ಮತ್ತೆ 55 ಅಂಕಗಳನ್ನು ಪಡೆಯಬೇಕು. ಪರಿಶಿಷ್ಟರಿಗೆ ಇದರಲ್ಲಿ 5 ಕಡಮೆ. ಮೊದಲನೆಯ ಪ್ರಯತ್ನದಲ್ಲಿಯೇ ತೇರ್ಗಡೆಯಾಗಬೇಕು. ಅಲ್ಲದೆ ಸರ್ಕಾರದ, ಸ್ಥಳೀಯ ಸಂಸ್ಥೆಗಳ ಅಥವಾ ಅನುದಾನಿತ ಶಾಲೆ ಕಾಲೇಜುಗಳಲ್ಲಿಯೇ ಓದಬೇಕು. ಈ ಕಡೆಯ ನಿಬಂಧನೆಯು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದ ಮಗುವನ್ನು ಖಾಸಗಿ ಕಾಲೇಜಿಗೆ ಸೇರಿಸುವ ಹಂಬಲವುಳ್ಳ ತಂದೆತಾಯಿಗಳಿಗೆ ಎಚ್ಚರಿಕೆಯಾಗಬೇಕಾಗಿದೆ. ಕಾಲೇಜು ಬದಲಾದೊಡನೆ ವೇತನವೂ ನಿಲ್ಲುತ್ತದೆ.

ಎರಡನೆಯದು ಪದವಿ ತರಗತಿಗಳಿಗೆ ಸಂಬಂಧಿಸಿದುದು. ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆಂದು ಏರ್ಪಟ್ಟು, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲಾದ ಈ ಯೋಜನೆಯಲ್ಲಿ, ದ್ವಿತೀಯ ಪದವಿಪೂರ್ವ ಪರೀಕ್ಷೆಯಲ್ಲಿ ತಮ್ಮ ಮಂಡಳಿಯ ನೂರು ಮಂದಿಯಲ್ಲಿ ಎಂಬತ್ತು ಮಂದಿಗಿಂತ ಮೇಲಿರುವವರು ಮಾತ್ರ ಆಯ್ಕೆಗೆ ಅರ್ಹರು. ಆದರೆ ಆಯ್ಕೆಯಾದ ಮೇಲೆ ಉಳಿಸಿಕೊಳ್ಳುವುದಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ 50 ಅಂಕಗಳೂ ನೂರಕ್ಕೆ 75 ಹಾಜರಿಯೂ ಸಾಕು. ಇಲ್ಲಿ ಆಯ್ಕೆಯ ಅಳತೆಯೂ ಮುಂದುವರಿಕೆಯ ಅಳತೆಯೂ ಬೇರೆಯಾಗಿರುವುದನ್ನು ಗಮನಿಸಬೇಕು. ಒಳಗೆ ಬರುವಾಗ ಓಟದ ಪಂದ್ಯ, ಬಂದ ಮೇಲೆ ನಡೆಯುವ ಪ್ರಯಾಣ. ಹೀಗೆ ಬೇರ್ಪಡಿಸಿದುದರಿಂದ ಅಂಕಗಳ ಷರತ್ತು ಯೋಜನೆಯಲ್ಲಿ ಬಹುಮಟ್ಟಿಗೆ ನ್ಯಾಯವಾಗಿದೆ.

ಹಾಜರಿಯ ಮಾತು ಮಾತ್ರ ಹೊರಗಿನವರಿಗೆ ಕಾಣುವಷ್ಟು ಸರಳವಲ್ಲ. ಶಿಡ್ಲಘಟ್ಟ, ಚಿಂತಾಮಣಿಗಳು ರೇಷ್ಮೆಯ ಸೀಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೂ ನೂಲು ಬಿಚ್ಚಣಿಕೆಯನ್ನೂ ಅರಿಯದವರಿಲ್ಲ. ಹುಳುವು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಹಗಲಿರುಳು ಸೊಪ್ಪು ಕೊಯ್ದು ತರಬೇಕು, ಹಾಕಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಆ ವಾರದಲ್ಲಿ ಕೈ ತಪ್ಪಿದರೆ ಇಡೀ ಬೆಳೆ ಹೋಯಿತು. ಕಾಲೇಜಿಗೆ ಹೋಗುವ ಮಗನೂ ಮಗಳೂ ಆಗ ಮನೆಯಲ್ಲಿಯೇ ಇರುತ್ತಾರೆ. ಒಂದು ಅರ್ಧವರ್ಷದಲ್ಲಿ 90 ದಿನ ಪಾಠ ನಡೆಯುವುದೆಂದು ಇಟ್ಟುಕೊಂಡರೆ ನೂರಕ್ಕೆ 75ರ ಲೆಕ್ಕದಲ್ಲಿ 22 ದಿನ ತಪ್ಪಬಹುದು. ಆ ಅವಧಿಯಲ್ಲಿ ಎರಡು ಬೆಳೆ ಬಂದರೆ 16 ದಿನ ಹುಳುವಿಗೇ ಹೋಯಿತು. ಉಳಿದ 6 ದಿನಗಳಲ್ಲಿ ಜ್ವರ, ಮದುವೆ, ಹಬ್ಬ, ಬಸ್ಸು ತಪ್ಪಿದ ದಿನ ಎಲ್ಲವೂ ಅಡಗಬೇಕು. ಮೂರನೆಯ ಬೆಳೆಯ ಹುಳು ಹಣ್ಣಾಗುವ ಹೊತ್ತಿಗೆ ಅರ್ಧವರ್ಷ ಮುಗಿಯದೆ ಇದ್ದರೆ ಹಾಜರಿಯು ಮಿತಿಯಿಂದ ಕೆಳಗಿಳಿಯುತ್ತದೆ. ಚಿಂತಾಮಣಿಯಲ್ಲಿ 1995ರಲ್ಲಿ ರೇಷ್ಮೆ ಕೃಷಿಯ ಕಾಲೇಜನ್ನೇ ಸ್ಥಾಪಿಸಿದ ನಾಡಿನಲ್ಲಿ, ಮನೆಯಲ್ಲಿ ಅದೇ ವಿದ್ಯೆಯನ್ನು ಕೈಯಾರೆ ಮಾಡುತ್ತಿರುವ ಹುಡುಗನು ಗೈರುಹಾಜರಿಯ ಪಟ್ಟಿಗೆ ಸೇರುವುದನ್ನು ಉಪಾಧ್ಯಾಯರು ಬಲ್ಲರು. ಬಲ್ಲವರು ಪಾಠದ ವೇಳೆಯನ್ನು ಹೊಂದಿಸಿ, ತಪ್ಪಿದ ಪಾಠವನ್ನು ಸಂಜೆ ಹೇಳಿಕೊಟ್ಟು ಹಾಜರಿಯನ್ನು ಕೂಡಿಸಬಲ್ಲರು. ಸುಳ್ಳು ಹಾಜರಿಯನ್ನು ಬರೆಯುವುದು ಬೇರೆ, ಹಾಜರಿಗೆ ಅವಕಾಶ ಮಾಡಿಕೊಡುವುದು ಬೇರೆ.

ಡಾಕ್ಟರ್ ನರಸಿಂಹಯ್ಯನವರು ಮದುವೆಯಾಗಲಿಲ್ಲ. ಪ್ರಾಂಶುಪಾಲರಾದ ಮೇಲೂ ಉಪಕುಲಪತಿಗಳಾದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನು ಬಿಡಲಿಲ್ಲ. ವೇತನ ನಿಂತ ಹುಡುಗನೂ, ಶುಲ್ಕ ಕಟ್ಟಲಾರದ ಹುಡುಗನೂ ಆ ಕೋಣೆಯ ಬಾಗಿಲಿಗೆ ನೇರವಾಗಿ ಹೋಗಬಹುದಾಗಿದ್ದಿತು. 2005ರ ಜನವರಿ 31ರಂದು ಅವರು ತೀರಿಕೊಂಡ ಮೇಲೆ ಹೊಸೂರಿನ ಮಣ್ಣಿಗೆ ಅವರನ್ನು ತಂದರು.